ಕೈ ಇದೆ, ತಲೆ ಇಲ್ಲ

ಜೂನ್ 9, ಸೋಮವಾರ

ಮತ್ತೆ ರಿಸರ್ಚ್ ಮೆಥಡಾಲಜಿ. ಎರಡು ಗಂಟೆ ಸ್ಯಾಂಪಲಿಂಗ್. ಪಾಠ ಮಾಡುವವರನ್ನು ಕಾಮರ್ಸ್ ವಿಭಾಗದಿಂದ ಎರವಲು ತಂದಿದ್ದಾರೆ. ನನ್ನ ಕಡೆ ತಿರುಗಿ, “ಮೇಡಂ, ನಿಮ್ಮ ಹೈಪಾಥಿಸಿಸ್ ಏನು?” ಎಂದರು. ತಾಮ್ರದ ತಗಡನ್ನು ಆಸಿಡ್‌ನಲ್ಲಿ ಅದ್ದಿದರೆ ಎಷ್ಟು ಬಗೆಯ ಕಪ್ಪು ಸಿಗುತ್ತದೆ ಎಂದು ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದೇನೆ. ಅದಕ್ಕೆ ಹೈಪಾಥಿಸಿಸ್ ಎಲ್ಲಿಂದ ತರಲಿ? “ನಾಳೆ ಹೇಳ್ತೀನಿ ಸರ್” ಎಂದೆ. ಪಕ್ಕದ ಹುಡುಗಿ ಕಿಸಕ್ಕೆಂದಳು. ಅವಳ ವಯಸ್ಸಿಗೆ ನಾನು ಕಾಲೇಜಿನಲ್ಲಿ ಅಚ್ಚುಚಿತ್ರ ಕಲಿಸುತ್ತಿದ್ದೆ.

ಈಗ ಡಾಕ್ಟರೇಟ್ ಇಲ್ಲದಿದ್ದರೆ ಕಲಿಸುವ ಹಾಗಿಲ್ಲವಂತೆ. ಹೊಸ ನಿಯಮ. ಇದು ಪಾಸಾಗದಿದ್ದರೆ, ಒಂದೊಂದು ಬೋಲ್ಟನ್ನೂ ನಾನೇ ಬಿಗಿದು ನಿಲ್ಲಿಸಿದ ಪ್ರೆಸ್ಸಿಗೆ ಇನ್ಯಾರೋ ಎಣ್ಣೆ ಬಿಡುತ್ತಾರೆ.

ಕೋರ್ಸ್‌ವರ್ಕ್ ಮೂರು ಪೇಪರ್. ಮೆಥಡಾಲಜಿ, ಕಂಪ್ಯೂಟರ್, ಆಮೇಲೆ ಗೈಡ್ ಕೊಡುವ ಪ್ರಾಕ್ಟಿಕಲ್. ಮೂರನೆಯದರ ಅಂಕ ಪೂರ್ತಿ ಅವರ ಕೈಯಲ್ಲಿ.

ಜೂನ್ 12, ಗುರುವಾರ

ಗೈಡ್ ಕರೆದರು. ದೊಡ್ಡ ಪೇಂಟರ್. ರೂಮಿನ ತುಂಬ ಅವರದೇ ಫೋಟೊ. ಒಂದು ಹಾಳೆ ಮುಂದೆ ತಳ್ಳಿದರು—ಬೆನ್ನು ತಿರುಗಿಸಿ ನಿಂತ ಹೆಂಗಸು. ಆರು ಗೆರೆ. ಎಣಿಸಿದೆ.

“ನೋಡಮ್ಮಾ, ಆಗಸ್ಟಲ್ಲಿ ನನ್ನ ಶೋ ಇದೆ. ಇದನ್ನ ಪ್ಲೇಟ್ ಮಾಡಿ ನಲವತ್ತು ಪ್ರತಿ ತೆಗೆದುಕೊಡು. ನಿನ್ನ ಪ್ರಾಕ್ಟಿಕಲ್ ಅಂತ್ಲೇ ಹಾಕ್ಬಿಡೋಣ.”

“ಹಿನ್ನೆಲೆ, ಸರ್?”

“ನೆರಳು ಗಿರಳು ಎಲ್ಲ ನೀನೇ ನೋಡ್ಕೋ. ಅದೆಲ್ಲ ಕೈಕೆಲಸ ತಾನೆ?”

ಕೋಲೆ ಬಸವನ ಹಾಗೆ ತಲೆಯಾಡಿಸಿ ಬಂದೆ. ತಗಡೂ ನನ್ನ ಕಪಾಟಿನದೇ.

ಜೂನ್ 30, ಸೋಮವಾರ

ಹದಿನೆಂಟು ದಿನ. ರಾಳದ ಪುಡಿ ಉದುರಿಸು, ಕೆಳಗಿಂದ ಕಾಯಿಸು, ಆಸಿಡ್‌ಗೆ ಇಳಿಸು, ತೊಳೆ, ಬೇಡದ ಕಡೆ ವಾರ್ನಿಷ್ ಮುಚ್ಚು, ಮತ್ತೆ ಇಳಿಸು. ಆಸಿಡ್ ಎಷ್ಟು ಕೊರೆಯುತ್ತದೋ ಅಷ್ಟು ಇಂಕು ಹಿಡಿಯುತ್ತದೆ: ಹತ್ತು ಸೆಕೆಂಡಿಗೆ ಹೊಗೆಯಂಥ ಬೂದಿ. ಎಂಟು ನಿಮಿಷಕ್ಕೆ ಬಾವಿಯ ತಳದ ಕಪ್ಪು. ಪರೀಕ್ಷೆಗೆಂದು ಏಳು ಸಲ ಪ್ರೂಫ್ ತೆಗೆದೆ. ಏಳನೆಯದರಲ್ಲಿ ಆ ಹೆಂಗಸು ಉಸಿರಾಡಿದಳು. ಆ ಕತ್ತಲಿನೊಳಗಿಂದ ಯಾರೋ ಕರೆದರೆ ಈಗ ತಿರುಗುತ್ತಾಳೆ ಎನ್ನುವ ಹಾಗೆ. ನಾನು ಇದುವರೆಗೆ ಮಾಡಿದ ಕೆಲಸದಲ್ಲೇ ಇದು ಒಳ್ಳೆಯದು. ಅದೇ ಹೊಟ್ಟೆ ಉರಿಸುವುದು.

ಮನೆಗೆ ತಂದು ಅತ್ತೆಗೆ ತೋರಿಸಿದೆ. ಮೂವತ್ತು ವರ್ಷ ಪ್ರೈಮರಿ ಶಾಲೆ ಟೀಚರ್ ಆಗಿದ್ದವರು. ಯಾವುದನ್ನೂ ಸುಮ್ಮನೆ ಒಪ್ಪುವುದಿಲ್ಲ.

“ಯಾರದ್ದಮ್ಮಾ ಇದು?”

“ಗೈಡ್‌ದು, ಅತ್ತೆ.”

“ಅವರೇನ್ ಮಾಡಿದ್ರು?”

“ಆರು ಗೆರೆ.”

“ಮಿಕ್ಕಿದ್ದು?”

ಉಗುರಿನ ಸಂದಿಯ ಇಂಕು ತೋರಿಸಿದೆ. ಅವರು ಕನ್ನಡಕ ತೆಗೆದು ಮಡಚಿಟ್ಟರು. “ಚೆನ್ನಾಗಿದೆ ಕಣೇ. ಹೆತ್ತೋಳು ನೀನು, ಬಾಣಂತನ ಅವರಿಗೆ.”

ಜುಲೈ 18, ಶುಕ್ರವಾರ

ಹದಿನೆಂಟು ಪ್ರತಿ ಕೊಟ್ಟೆ. ಅವರು ಒಂದೊಂದರ ಕೆಳಗೂ ಪೆನ್ಸಿಲ್‌ನಲ್ಲಿ ಸಹಿ ಹಾಕುತ್ತಾ ಹೋದರು, ಫೋನಿನಲ್ಲಿ ಮಾತಾಡುತ್ತಲೇ. ಚಿತ್ರವನ್ನು ನೋಡಲೂ ಇಲ್ಲ. ಧೈರ್ಯ ಮಾಡಿ ಕೇಳಿದೆ—ಮೂಲೆಯಲ್ಲಿ ಅಚ್ಚು ತೆಗೆದವಳದು ಅಂತ ಒಂದು ಸಣ್ಣ ಗುರುತು ಒತ್ತಲಾ, ಸರ್? ಎಲ್ಲ ಕಡೆ ಒತ್ತುತ್ತಾರೆ.

ನಕ್ಕರು. “ಅಂಗಿ ಮೇಲೆ ಟೈಲರ್ ಹೆಸರು ಇರುತ್ತೇನಮ್ಮಾ?”

ಇರುತ್ತದೆ! ಕಾಲರಿನ ಒಳಗೆ! ಬಸ್ಸು ಹತ್ತಿದ ಮೇಲೆ ಹೊಳೆಯಿತು. ಥೂ. ನನಗೆ ಸರಿಯಾದ ಉತ್ತರ ಸಿಗುವುದೆಲ್ಲ ಬಸ್ಸಿನಲ್ಲೇ.

ಆಗಸ್ಟ್ 5, ಮಂಗಳವಾರ

ಸಿನಾಪ್ಸಿಸ್ ಮಂಡನೆ.

ಸಮಿತಿಯಲ್ಲಿ ನಾಲ್ವರು—ಗೈಡ್, ವಿಭಾಗದ ಮುಖ್ಯಸ್ಥರು, ಕಂಪ್ಯೂಟರ್ ಮೇಷ್ಟ್ರು, ಹೊರಗಿನಿಂದ ಬಂದ ಪರೀಕ್ಷಕಿ. ಗೋಡೆಯ ಮೇಲೆ ಫ್ರೇಮು ಹಾಕಿಸಿ ಆ ಪ್ರಿಂಟು. ನಾನು ಒಳಗೆ ಹೋದಾಗ ಪರೀಕ್ಷಕಿ ಅದರ ಮುಂದೆಯೇ ನಿಂತಿದ್ದರು. “ಎಂಥಾ ಕಪ್ಪು ಸರ್ ಇದು! ಎಷ್ಟು ಯೋಚನೆ ಮಾಡಿದೀರಿ!” ಗೈಡ್ ಎದೆಯ ಮೇಲೆ ಕೈಯಿಟ್ಟು ಬಾಗಿದರು.

ಇಪ್ಪತ್ತು ನಿಮಿಷ ಮಾತಾಡಿದೆ. ಮುಗಿದ ಮೇಲೆ ಮುಖ್ಯಸ್ಥರು ಗೈಡ್‌ನ ಅಭಿಪ್ರಾಯ ಕೇಳಿದರು. ನಾನು ಅಲ್ಲೇ ಕೂತಿದ್ದೇನೆ. ಮೂರಡಿ ದೂರ.

“ಕೈ ಇದೆ, ತಲೆ ಇಲ್ಲ” ಎಂದರು. “ಕಸುಬು ಗೊತ್ತು. ಸ್ವಂತ ಯೋಚನೆ ಅನ್ನೋದು ಸ್ವಲ್ಪ…”

ಎದ್ದು ನಿಂತಿದ್ದು ಗೊತ್ತಾಗಲಿಲ್ಲ. “ಈಗ ಹೊಗಳಿದ್ರಲ್ಲ ಮೇಡಂ, ಆ ಕಪ್ಪು. ಅದನ್ನ ಯೋಚನೆ ಮಾಡಿದ್ದು ನಾನು. ಸರ್ ಕೊಟ್ಟಿದ್ದು ಆರು ಗೆರೆ. ಎಣಿಸಿ ನೋಡಿ.”

ಪರೀಕ್ಷಕಿ ನಿಜವಾಗಿಯೂ ಗೋಡೆಯ ಕಡೆ ತಿರುಗಿದರು. ಗೈಡ್ ನಕ್ಕರು. “ಪಾಪ, ತುಂಬಾ ಟೆನ್ಷನ್‌ನಲ್ಲಿದ್ದಾರೆ.”

ಆಗಸ್ಟ್ 6, ಬುಧವಾರ. ಸಂಜೆ

ನೋಟಿಸ್ ಬೋರ್ಡ್. ಮೆಥಡಾಲಜಿ 71. ಕಂಪ್ಯೂಟರ್ 64. ಪ್ರಾಕ್ಟಿಕಲ್ 38. ಪಾಸಾಗಲು ಐವತ್ತು ಬೇಕು.

ನೇರ ಗೈಡ್ ರೂಮಿಗೆ ಹೋದೆ. ತಲೆ ಎತ್ತಲಿಲ್ಲ. “ಇನ್ನೂ ಇಪ್ಪತ್ತೆರಡು ಪ್ರತಿ ಬಾಕಿ ಇದೆಯಲ್ಲಮ್ಮಾ? ತಂದ್ಕೊಡು. ಅಂಕ ಆಮೇಲೆ ನೋಡೋಣ.”

“ಇಲ್ಲದಿದ್ರೆ?”

“ಇಲ್ಲದಿದ್ರೆ ಬೇರೆ ಗೈಡ್ ನೋಡ್ಕೋ. ಅದಕ್ಕೂ ನನ್ನ ಸಹಿ ಬೇಕು.”

ನಮ್ಮ ಕಾಲೇಜಿಗೆ ಬಂದೆ. ವರ್ಕ್‌ಶಾಪ್ ಖಾಲಿ. ಅಚ್ಚಿಗೆಂದು ಇಪ್ಪತ್ತೆರಡು ಕಾಗದ ನೆನೆಹಾಕಿದೆ. ನಿಜ, ಹಾಕಿದೆ. ಇಂಕು ಕಲಸಿದೆ. ಪ್ಲೇಟನ್ನು ಬೆಳಕಿಗೆ ಹಿಡಿದೆ. ಸಿಟ್ಟು ಅಂದರೆ ಕಣ್ಣು ಕತ್ತಲೆ ಬರುತ್ತದೆ ಅನ್ನುತ್ತಾರೆ. ಸುಳ್ಳು. ಎಲ್ಲ ಬಹಳ ಸ್ಪಷ್ಟವಾಗಿ ಕಂಡಿತು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹೇಳಿದಷ್ಟು ಪ್ರತಿ ಮುಗಿದ ಮೇಲೆ ಪ್ಲೇಟಿಗೆ ಅಡ್ಡಗೆರೆ ಎಳೆಯುತ್ತಾರೆ, ಮತ್ತೆ ಯಾರೂ ಕದ್ದು ಅಚ್ಚು ತೆಗೆಯಬಾರದು ಎಂದು. ನಾನು ಹದಿನೆಂಟಕ್ಕೇ ಎಳೆದೆ. ಉಕ್ಕಿನ ಮೊಳೆ, ಮೂಲೆಯಿಂದ ಮೂಲೆಗೆ, ಅವಳ ಬೆನ್ನಿನ ಮೇಲೆಯೇ. ತಾಮ್ರ ಕಿರುಚಿತು. ಒಂದು ಸಲಕ್ಕೆ ಆಗಲಿಲ್ಲ, ಮೂರು ಸಲ ಎಳೆದೆ. ಆಮೇಲೆ ಒಂದೇ ಒಂದು ಪ್ರತಿ ತೆಗೆದು, ಹಸಿ ಆರುವ ಮೊದಲೇ ತೆಗೆದುಕೊಂಡು ಹೋಗಿ ಅವರ ಟೇಬಲ್ ಮೇಲಿಟ್ಟೆ.

“ಏನಿದು?”

“ಪ್ರಾಕ್ಟಿಕಲ್ ಮುಗೀತು, ಸರ್.”

ಅವರ ಮುಖ ಬಿಳಿಚಿಕೊಂಡಿತು. “ನಿನ್ನ ಕಥೆ ಮುಗೀತು ಅನ್ಕೋ.”

ಬಸ್ಸಿನಲ್ಲಿ ಅತ್ತುಬಿಟ್ಟೆ. ಅವರ ಮಾತಿಗಲ್ಲ. ಆ ಪ್ಲೇಟಿಗಾಗಿ.

ಆಗಸ್ಟ್ 29, ಶುಕ್ರವಾರ

ಬರೆಯಲಿಲ್ಲ. ಬರೆಯಲು ಹೋದರೆ ಪೆನ್ನು ಹಾಳೆ ಹರಿಯುತ್ತಿತ್ತು.

ಎಲ್ಲರಿಗೂ ಗೊತ್ತಾಗಿದೆ, ಅವರ ಬಾಯಿಂದ. ನಾನು ‘ಗುರುವಿನ ಕೃತಿ ಹಾಳು ಮಾಡಿದವಳು’. ನಮ್ಮ ಪ್ರಿನ್ಸಿಪಾಲರು ಕರೆದು, “ಕ್ಷಮೆ ಕೇಳಿಬಿಡಿ, ಹಲ್ಲು ಕಚ್ಚಿಕೊಂಡು” ಎಂದರು. ಕಚ್ಚೀ ಕಚ್ಚೀ ಹಲ್ಲು ಸವೆದಿದೆ ಸಾರ್ ಅಂದೆ.

ಅತ್ತೆ ಮಾತ್ರ ಮೂರು ವಾರದಿಂದ ವಿಶ್ವವಿದ್ಯಾಲಯದ ನಿಯಮಾವಳಿ ಓದುತ್ತಿದ್ದಾರೆ. ಅರವತ್ತನಾಲ್ಕು ಪುಟ. ಭೂತಗನ್ನಡಿ, ಕೆಂಪು ಪೆನ್ನು. ಕಾಗುಣಿತದ ತಪ್ಪುಗಳನ್ನೂ ತಿದ್ದಿದ್ದಾರೆ. ಇವತ್ತು ಅಡುಗೆಮನೆಗೇ ಬಂದರು.

“ಹನ್ನೊಂದನೇ ನಿಯಮ, ಉಪನಿಯಮ ನಾಲ್ಕು. ಗೈಡಿಗೂ ವಿದ್ಯಾರ್ಥಿಗೂ ತಕರಾರು ಬಂದ್ರೆ ವಿಭಾಗದ ಮುಖ್ಯಸ್ಥರೇ ಗೈಡ್ ಬದಲಾಯಿಸ್ಬಹುದು. ಆ ಮನುಷ್ಯನ ಸಹಿ ಬೇಡ.”

“ಅವರು ಸುಳ್ಳು ಹೇಳಿದ್ರಾ?”

“ಸುಳ್ಳು ಹೇಳಿದ್ರು. ನೀನು ಓದದೆ ನಂಬಿದೆ. ಸೊನ್ನೆ ಇಬ್ಬರಿಗೂ.”

ಸೆಪ್ಟೆಂಬರ್ 3, ಬುಧವಾರ

ದೂರು ಬರೆದು ಕೊಟ್ಟು, ಮುಖ್ಯಸ್ಥರ ಮುಂದೆ ಏಳು ಪ್ರೂಫ್ ಹರಡಿದೆ. ಅಂಚಿನಲ್ಲಿ ನನ್ನ ಪೆನ್ಸಿಲ್ ಬರಹ—ತಾರೀಕು, ಎಷ್ಟು ಸೆಕೆಂಡು, ಎಲ್ಲಿ ವಾರ್ನಿಷ್. ಒಂದೊಂದನ್ನೂ ಎತ್ತಿ ಓದಿದರು.

“ಆ ಪರೀಕ್ಷಕಿ ಅವತ್ತೇ ನನಗೆ ಪತ್ರ ಬರೆದಿದ್ರು. ನಿಮಗೆ ಗೈಡ್ ಆಗೋಕೆ ಸಿದ್ಧ ಅಂತೆ.”

“ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಸರ್?”

“ನೀವು ಬರವಣಿಗೆಯಲ್ಲಿ ದೂರು ಕೊಟ್ಟಿರಲಿಲ್ಲ.”

ನಾನು ಕಿರುಚಲಿಲ್ಲ. ದಾಖಲಿಸಿಕೊಳ್ಳುತ್ತಿದ್ದೇನೆ, ಕಿರುಚಲಿಲ್ಲ. ಪ್ರಾಕ್ಟಿಕಲ್ ಮತ್ತೆ ಮೊದಲಿಂದ. ಇನ್ನು ಆರು ತಿಂಗಳು. ಆಗಲಿ. ಈ ಸಲ ಆರು ಗೆರೆಯೂ ನನ್ನದೇ.

ಈಗ ಫಾರಂ ಮುಂದಿದೆ. ‘ಮಾರ್ಗದರ್ಶಕರನ್ನು ಬದಲಿಸಲು ಕಾರಣ’—ಒಂದೂವರೆ ಸಾಲಿನ ಜಾಗ. ಒಂದೂವರೆ! ಹಾಳೆ ಲಗತ್ತಿಸುತ್ತೇನೆ. ಎಷ್ಟು ಬೇಕೋ ಅಷ್ಟು.

ಅತ್ತೆ ಫೋನ್ ಹಿಡಿದು ಬಂದಿದ್ದಾರೆ. ಗೈಡ್ ನಂಬರ್. ದೂರಿನ ಸುದ್ದಿ ಮುಟ್ಟಿರಬೇಕು. “ಎತ್ತು” ಅನ್ನುತ್ತಿದ್ದಾರೆ, “ಸ್ಪೀಕರ್ ಹಾಕು. ನಾನು ಸಾಕ್ಷಿ.”

ಎತ್ತಿದೆ. ಹೇಳಿ ಸರ್, ಬರ್ಕೋತಾ ಇದೀನಿ ಎಂದೆ. ಆ ಕಡೆ ಕೆಮ್ಮು. ಈಗ ಅವರು ಹೇಳುತ್ತಿರುವುದು, ಅಕ್ಷರಶಃ:

“ಮೇಡಂ, ನೋಡಿ… ಆ ಕೆಲಸ ನಿಮ್ಮದಲ್ಲ ಅಂತ ನಾನು ಯಾವತ್ತೂ ಅಂದಿಲ್ವಲ್ಲ, ನಾವಿಬ್ಬರೂ ಕೂತು—”