ಅವ್ವನ ಲಂಗದ ಕೊನೆಯ ಚೀಲ

ಅಂಜುನಾ, ಭಾನುವಾರ

ಅಪ್ಪನಿಗೆ ರೂಪಾ ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಕಾಕಾನ ಮನೆಯಲ್ಲಿ ಹಾಸಿಗೆ ಸಾಲುವುದಿಲ್ಲ. ಮಾರುವ ಸಾಮಾನಿನ ಗಂಟಿನ ಮೇಲೆ ಮಲಗುತ್ತೇನೆ, ಮೆತ್ತಗಿರುತ್ತದೆ.

ನನ್ನನ್ನು ಇಲ್ಲಿ ಬಿಡುವಾಗ ಅವ್ವನ ಮದುವೆಯ, ಕನ್ನಡಿ ಚೂರು ಹೊಲಿದ ಲಂಗವನ್ನೂ ಕೊಟ್ಟು ಹೋಗಿದ್ದಿರಲ್ಲ, ಅದನ್ನು ಕಾಕು ಕತ್ತರಿಸಿ ಚೀಲ ಹೊಲಿದಳು. "ಸತ್ತಾಕಿ ಲಂಗ ಯಾರ್ ಉಡ್ತಾರ? ಫಾರಿನ್ ಮಂದಿಗೆ ಹಳೇದ ಚಲೋ," ಅಂದಳು. ಸಮುದ್ರದಂಡೆಯಲ್ಲಿ ಅವನ್ನು ಮಾರುವವಳು ನಾನೇ. ಈಗ ಒಂದೇ ಉಳಿದಿದೆ. ಯಾರಾದರೂ ಅದನ್ನು ಮುಟ್ಟಿದರೆ ಬೇಕೆಂದೇ ವಿಪರೀತ ಬೆಲೆ ಹೇಳುತ್ತೇನೆ. ಅವರು ನಕ್ಕು ಮುಂದೆ ಹೋಗುತ್ತಾರೆ. ಸಂಜೆ ಕಾಕು, "ಮಾರಾಕ ಬಾಯಿಲ್ಲ, ಉಣ್ಣಾಕ ಐತೇನ?" ಎಂದು ನನ್ನ ತಾಟು ಎತ್ತಿಡುತ್ತಾಳೆ. ಅದು ರೂಢಿಯಾಗಿದೆ.

ಬರುವ ವಾರದಿಂದ ಬೆಲೆಯನ್ನು ಕಾಕು ತಾನೇ ಹೇಳುತ್ತಾಳಂತೆ. ಅದಕ್ಕೆ ಮೊದಲು ಬನ್ನಿ. ನೀವಿರುವ ವಾಳಪೈಯಿಂದ ಮಾಪುಸಾಗೆ ಬಸ್ಸಿದೆ, ಅಲ್ಲಿಂದ ಇಲ್ಲಿಗೆ ಇನ್ನೊಂದು. ಮನೆಗೆ ಬರಬೇಡಿ, ದಂಡೆಗೇ ಬಂದು ಗಿರಾಕಿಯ ಹಾಗೆ ಕೇಳಿ. ನಿಮಗೆ ಕಡಿಮೆಗೆ ಕೊಡುತ್ತೇನೆ.

ನನ್ನನ್ನು ಕರೆದುಕೊಂಡು ಹೋಗಿ ಎಂದು ಅಳುವುದಿಲ್ಲ. ಚೀಲ ಚಿಕ್ಕದು. ಹೊಸ ಅವ್ವನ ಮನೆಯಲ್ಲಿ ಅದಕ್ಕೆ ಒಂದು ಗೂಟ ಸಿಕ್ಕರೆ ಸಾಕು.

ನಿಮ್ಮ ಮಗಳು,
ರೂಪಾ