ಪರದೆಯ ಹಿಂದೆ ರಾಜ ಮತ್ತು ಏಳು

ಬೂದಿದಿನ್ನೆ, ೨೨೧೮ರ ಫೆಬ್ರವರಿ ಮೂವತ್ತು

ಮನೆಗೊಂದು ನಲ್ಲಿ ಅಂದರು, ಕೊಡಲಿಲ್ಲ. ಭೂಮಿ ಅಂದರು, ಬೂದಿಗುಡ್ಡ ತೋರಿಸಿದರು. ನೀರಿನಲ್ಲಿ ಸಮಪಾಲು ಅಂದರು, ಇಸ್ಪೀಟಿನ ಮೇಜು ತಂದಿಟ್ಟರು.

ಹಿಂದಿನ ಕಾಲದವರೇ, ಫೆಬ್ರವರಿಗೆ ಮೂವತ್ತನೇ ತಾರೀಕು ಎಲ್ಲಿಂದ ಬಂತು ಎನ್ನಬೇಡಿ. ನೀರಿನ ಕಂಪನಿಗೆ ಇನ್ನೆರಡು ದುಡಿಮೆಯ ದಿನ ಬೇಕಿದ್ದವು, ಸೇರಿಸಿಕೊಂಡಿತು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ‘ನೀರುಮೇಜು’ ಎಂದರೆ ವಾರಕ್ಕೊಮ್ಮೆ ನಮ್ಮ ಕೇರಿ ಕಂಪನಿಯ ಆಟಗಾರನ ಎದುರು ಕೂತು ಪೋಕರ್ ಆಡಲೇಬೇಕಾದ ಜಾಗ. ಮೊದಲು ಎರಡು ಎಲೆ ಕೈಗೆ ಬರುತ್ತವೆ. ಬಿಸಾಡಿದರೆ ಒಂದು ದಿನದ ನೀರು ಹೋಗುತ್ತದೆ; ಆಡಿ ಸೋತರೆ ವಾರದ್ದೇ ಹೋಗುತ್ತದೆ. ಎಕ್ಕದ ಜೋಡಿಗೆ ಯೋಚನೆ ಬೇಡ, ಆಡುವುದೇ; ಎರಡು-ಏಳಕ್ಕೂ ಬೇಡ, ಬಿಸಾಡುವುದೇ. ನಮ್ಮನ್ನು ತಿನ್ನುವುದು ನಡುವಿನವು: ಆಸೆ ಹುಟ್ಟಿಸುತ್ತವೆ, ಗೆಲ್ಲಿಸುವುದಿಲ್ಲ.

ಎಲೆ ಹಿಡಿಯುವವಳು ನಾನು, ಹುಲಿಗೆಮ್ಮ. ನಿರ್ಧಾರ ಕೇರಿಯದು. ಹೋರಾಟದಲ್ಲಿ ಬೆಳೆದವರು ನಾವು, ಇಲ್ಲಿ ಒಬ್ಬರ ಮಾತು ನಡೆಯುವುದಿಲ್ಲ. ತಾಡಪತ್ರಿಯ ಪರದೆ ಹಿಂದೆ ಎಲ್ಲರಿಗೂ ಎಲೆ ತೋರಿಸುತ್ತೇನೆ. ಚರ್ಚೆಯಾಗುತ್ತದೆ, ಕೈ ಎತ್ತುತ್ತಾರೆ. ಇವತ್ತು ಬಂದದ್ದು ರಾಜ ಮತ್ತು ಏಳು.

“ರಾಜ ಬಂದಾನ, ಆಡವ್ವ!” ಎಂದ ಪಂಪು ನೋಡಿಕೊಳ್ಳುವ ಸಾಬಣ್ಣ.

“ರಾಜನ್ನ ನಂಬಿ ಯಾವಾಗ ಉದ್ಧಾರ ಆಗೀದಿ ನೀ?” ಎಂದಳು ಖಾಜಾಬಿ. “ನನ್ನ ಮಗಳು ಹಸಿ ಬಾಣಂತಿ ಅದಾಳ. ಒಗಿ ಅದನ್ನ.”

ಚಹಾ ಆರಿ ತಣ್ಣಗಾಗುವಷ್ಟು ಹೊತ್ತು ಕಿತ್ತಾಡಿದೆವು. ಆಡುವವರ ಕೈ ಹೆಚ್ಚಾದವು. ಆಡಿದೆವು, ಸೋತೆವು. ಈ ವಾರ ಆ ಕೂಸಿಗೆ ಎರೆಯಲು ಚೊಂಬು ನೀರಿಲ್ಲ.

ದಾರಿಯಲ್ಲಿ ಖಾಜಾಬಿ ತಟಕ್ಕನೆ ನಿಂತಳು. “ಎಕ್ಕ ಬಂದ್ರ ಕೆಮ್ಮೂದ್ರಾಗ ಪರದಿ ಬಿಟ್ಟು ಬರ್ತೀವಿ, ಕಂಪನಿಯಂವ ಎಲಿ ಒಗದು ಏಳ್ತಾನ. ಅರ್ಧಂಬರ್ಧ ಬಂದ್ರಷ್ಟ ಸಂತಿ ಮಾಡ್ತೀವಿ, ಆವಾಗ ಎದುರು ಕೂಡ್ತಾನ. ಅವಗ ನಮ್ಮ ಎಲಿ ಯಾಕ ಬೇಕ್ರೆಪಾ, ಗಡಿಯಾರ ಸಾಕು!”

ಇನ್ನು ಹುಲಿಗೆಮ್ಮ ಒಬ್ಬಳೇ ನಿರ್ಧರಿಸಲಿ ಎನ್ನುತ್ತಿದ್ದಾನೆ ಸಾಬಣ್ಣ. ನಾನು ಒಪ್ಪುವುದಿಲ್ಲ. ನಮ್ಮನ್ನು ಮುಳುಗಿಸಿದ್ದು ಚರ್ಚೆಯಲ್ಲ, ಬೇಕಾದಾಗ ಮಾತ್ರ ಮಾಡಿದ ಚರ್ಚೆ. ಎಕ್ಕದ ಜೋಡಿ ಬಂದರೂ ಅಷ್ಟೇ ಹೊತ್ತು ಜಗಳವಾಡೋಣ. ಎರಡು-ಏಳು ಬಂದರೂ ಅಷ್ಟೇ. ಆಗ ಆ ಕೊಬ್ಬಿದವನು ಬೆವರಲಿ.

ನಿಮ್ಮಲ್ಲಿಗೆ ಮೇಜು ಇನ್ನೂ ಬಂದಿಲ್ಲ. ಬರುತ್ತದೆ. ಏನೂ ಇಲ್ಲದ್ದಕ್ಕಿಂತ ಇದಾದರೂ ಇರಲಿ ಎಂದು ನಿಮ್ಮಲ್ಲೇ ಯಾರೋ ಅನ್ನುತ್ತಾರೆ. ಕೂರಬೇಡಿ. ಒದ್ದು ಉರುಳಿಸಿ. ಕೂತವರ ಮೊಮ್ಮಕ್ಕಳು ನಾವು, ಏಳಲು ಬಿಡುತ್ತಿಲ್ಲ.

ಸಾಬಣ್ಣನ ಮಾತಿಗೂ ನನ್ನ ಮಾತಿಗೂ ಕೈ ಎತ್ತುವ ಸಭೆ: ಮಾರ್ಚ್ ಒಂದು, ಗುರುವಾರ, ಬೆಳಿಗ್ಗೆ ಆರು ಗಂಟೆ, ಖಾಜಾಬಿಯ ಅಂಗಳ.