ಹಸಿರು ಗೆರೆ

ಮಾರ್ಚ್ 3, ಭಾನುವಾರ

ಮತ್ತೆ ಸವತಿಯ ಸೇವೆ. ಈ ಹಳೆಯ ಪ್ರೊಜೆಕ್ಷನ್ ಟಿ.ವಿ.ಗೆ ನಾನಿಟ್ಟ ಹೆಸರು ಅದು. ಬೀರುವಿನಷ್ಟು ದೊಡ್ಡದು. ಹಿಂಬದಿಯ ಹಲಗೆ ಬಿಚ್ಚಿದೆವು. ಧೂಳೋ ಧೂಳು. ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು — ಮೂರು ಲೆನ್ಸ್. ಮೆತ್ತನೆಯ ಬಟ್ಟೆಯಲ್ಲಿ ಒರೆಸಿದೆ. ಒಳಗಿನ ದೊಡ್ಡ ಕನ್ನಡಿಗೆ ಮಾತ್ರ ಕೈ ಹಾಕುವಂತಿಲ್ಲ, ಗಾಳಿ ಊದಬೇಕು ಅಷ್ಟೆ. "ಉಜ್ಜಿದ್ಯೋ, ಲೇಪ ಎದ್ದು ಬರುತ್ತೆ, ಹುಷಾರು!" — ಇವರು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನನ್ನು ಒಂದು ದಿನವೂ ಇಷ್ಟು ಜೋಪಾನ ಮಾಡಿದವರಲ್ಲ.

ಇಷ್ಟೆಲ್ಲ ಯಾಕೆಂದರೆ, ಚಿತ್ರ ಎರಡೆರಡಾಗಿ ಕಾಣುತ್ತದಂತೆ. ನನಗೆ ಹಾಗೇನೂ ಕಾಣಲಿಲ್ಲ. ನನ್ನ ಕನ್ನಡಕ ಹಳೆಯದು... ಅದಕ್ಕೇ ಇರಬೇಕು.

ಮಾರ್ಚ್ 4

ಸ್ಕೂಲ್ ವ್ಯಾನಿನ ಪಕ್ಕದ ಕನ್ನಡಿ ಒಡೆದುಕೊಂಡು ಬಂದರು. ಸ್ಕೂಲಿನ ಗೇಟಿಗೆ ತಾಗಿತಂತೆ. ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿದ್ದಾರೆ, ಒಂದು ಗೀರೂ ಬಿದ್ದಿರಲಿಲ್ಲ. ಕೇಳಿದರೆ "ಗೇಟ್ ಕಿರಿದು ಮಾಡಿದ್ದಾರೆ" ಅಂದರು. ಗೇಟೇನು ಒಗೆದ ಬಟ್ಟೆಯೇ, ಕುಗ್ಗೋದಕ್ಕೆ!

ಮಾರ್ಚ್ 6, ಸಂಜೆ

ಇವತ್ತು ಬಣ್ಣ ಹೊಂದಿಸುವ ಕೆಲಸ. ರಿಮೋಟ್ ಒತ್ತಿದರೆ ಪರದೆಯ ಮೇಲೆ ಗೆರೆಗಳು ಬರುತ್ತವೆ. ಮೂರು ಬಣ್ಣ ಒಂದರ ಮೇಲೊಂದು ಕೂತರೆ ಗೆರೆ ಬೆಳ್ಳಗಾಗುತ್ತದೆ. ಕೂತೇ ಇತ್ತು.

"ಎಡಕ್ಕೆ... ಇನ್ನೂ ಎಡಕ್ಕೆ... ಏನೇ, ಕಣ್ಣು ಕಾಣಲ್ವಾ? ಎರಡಿದೆ!"

"ಒಂದೇ ಇದೆ ಕಣ್ರೀ."

ರಿಮೋಟ್ ಕಿತ್ತುಕೊಂಡರು. ಒತ್ತಿದ್ದೇ ಒತ್ತಿದ್ದು. ಕೆಂಪು ಒಂದು ದಿಕ್ಕು, ನೀಲಿ ಇನ್ನೊಂದು ದಿಕ್ಕು. ಸುದ್ದಿ ಓದುವವಳಿಗೆ ಮೂರು ಮೂಗು! ನಗು ಬಂತು. ಆಮೇಲೆ ಆ ಗೇಟು ನೆನಪಾಗಿ ನಗು ನಿಂತಿತು.

ಕೆಟ್ಟಿರುವುದು ಟಿ.ವಿ. ಅಲ್ಲ. ಹೇಳಿದರೆ ಇವರು ವ್ಯಾನ್ ಬಿಡಬೇಕು. ಅದು ಬಿಟ್ಟರೆ ಇವರಿಗೆ ಬೇರೆ ಪ್ರಪಂಚ ಇಲ್ಲ. ಹೇಳದಿದ್ದರೆ... ಅದರಲ್ಲಿ ಹದಿನಾಲ್ಕು ಮಕ್ಕಳು.

ಮಾರ್ಚ್ 8

ಎರಡು ದಿನ ಬಾಯಿ ಬಿಡಲಿಲ್ಲ. ವ್ಯಾನ್ ವಾಪಸ್ ಬರುವ ತನಕ ಬಾಗಿಲಲ್ಲೇ ನಿಂತಿರುತ್ತೇನೆ. ನಾಚಿಕೆಯಾಗಬೇಕು ನನಗೆ. ನಾಳೆ, ನಾಡಿದ್ದು ಸ್ಕೂಲ್ ರಜೆ. ಅಷ್ಟರೊಳಗೆ ಹೇಳಲೇಬೇಕು.

ಮಾರ್ಚ್ 10, ಭಾನುವಾರ

ಬಾಯಲ್ಲಿ ಹೇಳಲಾಗಲಿಲ್ಲ. ಹಿಂಬದಿ ಬಿಚ್ಚಿ ಕೆಂಪು, ನೀಲಿ ಲೆನ್ಸಿನ ಮೇಲೆ ರಟ್ಟು ಮುಚ್ಚಿದೆ. ಯಾವ ಬಣ್ಣ ಜರುಗಿದೆ ಅಂತ ಹುಡುಕಲು ಇವರೇ ಕಲಿಸಿದ ಉಪಾಯ. ಪರದೆಯ ಮೇಲೆ ಹಸಿರು ಮಾತ್ರ ಉಳಿಯಿತು. ನಡುವಿನ ಗೆರೆಗೆ ಬೆರಳಿಟ್ಟೆ.

"ಇಲ್ಲಿ ಎಷ್ಟು ಗೆರೆ?"

"ಎರಡು" ಅಂದರು, ತಟ್ಟನೆ.

ಒಂದು ಲೆನ್ಸಿನಿಂದ ಎರಡು ಗೆರೆ ಬರುವುದಿಲ್ಲ. ನನಗಿಂತ ಇವರಿಗೇ ಚೆನ್ನಾಗಿ ಗೊತ್ತು. ಎದ್ದು ಹೋಗಿ ರಟ್ಟು ಮುಟ್ಟಿ ನೋಡಿದರು. ಬಂದು ಕೂತರು. ಒಂದು ಕಣ್ಣು ಮುಚ್ಚಿದರು. ತೆಗೆದರು. ಮತ್ತೆ ಮುಚ್ಚಿದರು.

"ನಿಂಗೆ ಯಾವಾಗ ಗೊತ್ತಾಯ್ತು?"

"ಬುಧವಾರ."

"ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಮಕ್ಕಳು ಕಣೇ!"

ಬೈಸಿಕೊಂಡೆ. ಸರಿಯಾಗಿಯೇ ಬೈದರು.

ಮಾರ್ಚ್ 11, ಬೆಳಿಗ್ಗೆ 6.20

ಹತ್ತಕ್ಕೆ ಕಣ್ಣಿನ ಡಾಕ್ಟರು. ಸ್ಕೂಲಿಗೆ ನಿನ್ನೆಯೇ ತಿಳಿಸಿಯಾಯಿತು, ಬೇರೆ ಡ್ರೈವರ್ ಬರುತ್ತಾನೆ. ಆದರೂ ಮನೆಮನೆಗೂ ತಾವೇ ಹೇಳಬೇಕಂತೆ. ಎದುರಿಗೇ ಕೂತು ಫೋನ್ ಮಾಡುತ್ತಿದ್ದಾರೆ. ಎಲ್ಲರಿಗೂ ಒಂದೇ ಮಾತು. "ನನ್ನ ಕಣ್ಣು ಸರಿ ಇಲ್ಲ. ಇನ್ನು ನಾನು ಓಡಿಸಲ್ಲ." ಸುತ್ತಿಬಳಸಿ ಏನೂ ಇಲ್ಲ. ಆರು ಮನೆ ಮುಗಿಯಿತು. ದನಿ ಗಟ್ಟಿಯಾಗಿಯೇ ಇದೆ.

ಏಳನೆಯದು ಮಗುವೇ ಎತ್ತಿದಂತಿದೆ. "ಅಮ್ಮಂಗೆ ಕೊಡು ಪುಟ್ಟಾ." ಕೊಡುತ್ತಿಲ್ಲ. "ಹ್ಞೂಂ, ನಾನೇ... ಇಲ್ಲ ಪುಟ್ಟಾ. ನಾಳೇನೂ ಬರಲ್ಲ." ಆ ಕಡೆಯಿಂದ ಮಗು ಏನೋ ಕೇಳಿತು. ಫೋನ್ ನನ್ನ ಕಡೆ ಚಾಚಿದ್ದಾರೆ. ಇನ್ನೂ ಏಳು ಮನೆ. ಬರೆಯುವುದು ಇಷ್ಟಕ್ಕೆ ಸಾಕು, ಫೋನ್ ನಾನೇ ತಗೋಬೇಕು.